ಮೊದಲು ಅರಿಸ್ಟಾಟಲ್ ಓದುವುದೋ, ಮಿಲ್ ಓದುವುದೋ?

ಸುಖದ ಬಗ್ಗೆ ತತ್ತ್ವಶಾಸ್ತ್ರ ಏನು ಹೇಳುತ್ತದೆ ಎಂದು ಹುಡುಕಹೊರಟವರಿಗೆ ಎರಡು ಹೆಸರುಗಳು ಎದುರಾಗುತ್ತವೆ: ಅರಿಸ್ಟಾಟಲನ ‘ನಿಕೋಮೇಕಿಯನ್ ಎಥಿಕ್ಸ್’, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್‌ನ ‘ಯುಟಿಲಿಟೇರಿಯನಿಸಂ’ (ಉಪಯುಕ್ತತಾವಾದ, ಅಂದರೆ ಎಲ್ಲರ ಸುಖವನ್ನು ಹೆಚ್ಚಿಸುವ ಕೆಲಸವೇ ಸರಿಯಾದ ಕೆಲಸ ಎಂಬ ವಾದ).

ಸಮಯ ಕಡಿಮೆಯಿದ್ದರೆ ಮಿಲ್. 1863ರಲ್ಲಿ ಪುಸ್ತಕವಾಗಿ ಬಂದ ಈ ಕೃತಿಯಲ್ಲಿರುವುದು ಐದೇ ಅಧ್ಯಾಯ. ನಲಿವು ಇರುವುದು, ನೋವು ಇಲ್ಲದಿರುವುದೇ ಅವನಿಗೆ ಸುಖ. ಆದರೆ ಎಲ್ಲ ನಲಿವೂ ಒಂದೇ ತೂಕದ್ದಲ್ಲ. ಬುದ್ಧಿಯದು ಮೇಲು, ಮೈಯದು ಕೀಳು. ತೀರ್ಪು ಹೇಳಬೇಕಾದವರು ಎರಡನ್ನೂ ಬಲ್ಲವರು. ಎರಡನ್ನೂ ಬಲ್ಲ ಎಷ್ಟೋ ಜನ ಸಂಜೆಯಾದರೆ ಕೀಳಾದುದನ್ನೇ ಆರಿಸಿಕೊಳ್ಳುತ್ತಾರಲ್ಲ! ಅದಕ್ಕೂ ಅವನು ಉತ್ತರ ಕೊಡುತ್ತಾನೆ, ನನಗೆ ಮಾತ್ರ ಅದು ಪೂರ್ತಿ ದಕ್ಕಿಲ್ಲ.

ಅರಿಸ್ಟಾಟಲನದು ಹತ್ತು ಭಾಗಗಳ, ಪಾಠದ ಟಿಪ್ಪಣಿಯಂಥ ಒಣ ಬರಹ. ತಾಳ್ಮೆ ಬೇಕು. ಆದರೆ ಸುಖಕ್ಕೆ ಅವನು ಬಳಸುವ ಗ್ರೀಕ್ ಪದ ‘ಯುಡೈಮೋನಿಯಾ’. ಅದು ಮನಸ್ಸಿನ ಒಂದು ಗಳಿಗೆಯ ಭಾವವಲ್ಲ, ಸದ್ಗುಣಗಳನ್ನು ರೂಢಿಸಿಕೊಂಡು ಬಾಳುವ ಇಡೀ ಬದುಕಿನ ಲಕ್ಷಣ. ಈ ಹೊತ್ತು ಖುಷಿಯಾಗಿದ್ದೀರಾ ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ಅದೃಷ್ಟದ ಪಾಲನ್ನು ಅವನು ಮುಚ್ಚಿಡುವುದಿಲ್ಲ: ಮುಪ್ಪಿನಲ್ಲಿ ಟ್ರಾಯ್‌ನ ಪ್ರಿಯಾಮ್ ರಾಜನಂತೆ ಸರ್ವಸ್ವವನ್ನೂ ಕಳೆದುಕೊಂಡವನನ್ನು ಯಾರೂ ಸುಖಿ ಎನ್ನರು. ಸ್ನೇಹಕ್ಕಂತೂ ಎರಡು ಭಾಗಗಳೇ ಮೀಸಲು. ಕೊನೆಯ ಭಾಗದಲ್ಲಿ ಚಿಂತನೆಯ ಬದುಕೇ ಶ್ರೇಷ್ಠ ಎಂದುಬಿಡುತ್ತಾನೆ. ಹಿಂದಿನ ಮಾತುಗಳಿಗೆ ಇದು ಹೇಗೆ ಹೊಂದುತ್ತದೆ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.

ಕಾನೂನು, ಸರ್ಕಾರದ ನೀತಿ, ಬಹುಜನರ ಹಿತ ನಿಮ್ಮ ಆಸಕ್ತಿಯಾದರೆ ಮಿಲ್ ಸರಿ. ನಾನು ಹೇಗೆ ಬಾಳಲಿ ಎಂಬುದೇ ಕಾಡುತ್ತಿದ್ದರೆ ಅರಿಸ್ಟಾಟಲ್. ಮೊದಲ ಭಾಗ ಮುಗಿಸಿ ನೇರವಾಗಿ ಎಂಟನೆಯದಕ್ಕೆ ಹೋಗಿ. ನಡುವಿನದನ್ನು ಆಮೇಲೆ ಓದಬಹುದು.