ಎರೆಹುಳಕ್ಕೆ ಏನು ಹಾಕಬೇಕು: ಹಸಿ ಸೆಗಣಿಯೋ, ಅಡುಗೆಮನೆ ಕಸವೋ, ತೆಂಗಿನ ಮಡಲೋ

ಮೊದಲೇ ಹೇಳಿಬಿಡುತ್ತೇನೆ, ನಾನು ತೆಂಗಿನ ಮಡಲಿನ, ಅಂದ್ರೆ ಒಣಗಿ ಬಿದ್ದ ಸೋಗೆಯ ಪಕ್ಷ. ಬದಿಯಡ್ಕದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ, ನಡುನಡುವೆ ತೆಂಗು. ಕಳೆದ ಮಳೆಗಾಲದಲ್ಲಿ ಎರೆಗೊಬ್ಬರ ಮಾಡಲು ದುಡ್ಡು ಕೊಟ್ಟು ಒಂದು ಕೆಜಿ ಹುಳ ತಂದೆ. ಮೂರೇ ದಿನದಲ್ಲಿ ಅರ್ಧದಷ್ಟು ಹೋಯಿತು.

ಹಾಳು ಮಾಡಿದ್ದು ಹಸಿ ಸೆಗಣಿ. ಎರೆಹುಳಕ್ಕೆ ಸೆಗಣಿ ಅಂದ್ರೆ ಪ್ರಾಣ ಅಂತ ಹುಳ ಕೊಟ್ಟವರು ಹೇಳಿದ್ದರು. ಎಷ್ಟು ಹಳೆಯದಾಗಿರಬೇಕು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಹಟ್ಟಿಯಿಂದ ತೆಗೆದದ್ದನ್ನು ಸೀದಾ ತೊಟ್ಟಿಗೆ ಒಂದಡಿ ತುಂಬಿ ಹುಳ ಬಿಟ್ಟೆ. ಮರುದಿನ ಗೋಣಿ ಎತ್ತಿ ನೋಡಿದರೆ ಸೆಗಣಿಯೊಳಗೆ ಹುಳವೇ ಇಲ್ಲ, ಎಲ್ಲ ಗೋಡೆಗೆ ಅಂಟಿಕೊಂಡು ಮೇಲೆ ಹತ್ತುತ್ತಿವೆ. ಕೈ ಹಾಕಿದೆ, ಒಳಗೆ ಬಿಸಿ. ಹಸಿ ಸೆಗಣಿ ರಾಶಿಯಾಗಿ ಕೊಳೆಯುವಾಗ ಕಾವು ಏಳುತ್ತದೆ, ಜೊತೆಗೆ ಅಮೋನಿಯಾ. ಹುಳ ಉಸಿರಾಡುವುದೇ ಒದ್ದೆ ಚರ್ಮದಿಂದ, ಅದು ಅಲ್ಲಿ ಹೇಗೆ ನಿಲ್ಲುತ್ತದೆ ಅಲ್ವಾ? ಒಂದೆರಡು ದಿನದಲ್ಲಿ ಸರಿಹೋಗಬಹುದು ಅಂದುಕೊಂಡು ಹಾಗೇ ಮುಚ್ಚಿಟ್ಟೆ. ರಾತ್ರಿ ಜೋರು ಮಳೆ. ಬೆಳಗಾಗುವಷ್ಟರಲ್ಲಿ ಹೊರಗೆ ಬಿದ್ದವನ್ನು ಇರುವೆ, ಕೋಳಿ ಮುಗಿಸಿದ್ದವು. ಉಳಿದವನ್ನು ಅಮ್ಮ, ನಾನು ಒಂದೊಂದಾಗಿ ಹೆಕ್ಕಿ ಬಕೆಟಿಗೆ ಹಾಕಿದೆವು. ತುಂಬಾ ಬೇಜಾರಾಯಿತು. ಅದೇ ಸೆಗಣಿಯನ್ನು ನೆರಳಲ್ಲಿ ಹರಡಿ ಎರಡು ವಾರ ಬಿಟ್ಟು ಕೊಟ್ಟಾಗ ತಾವಾಗಿಯೇ ಒಳಗಿಳಿದವು.

ಅಡುಗೆಮನೆ ಕಸದಲ್ಲಿ ಬಾಳೆಹಣ್ಣಿನ ಸಿಪ್ಪೆ, ತರಕಾರಿ ಸಿಪ್ಪೆ ಬೇಗ ಖಾಲಿ. ಉಪ್ಪು, ಎಣ್ಣೆ, ನಿಂಬೆ ಸಿಪ್ಪೆ ಆಗುವುದಿಲ್ಲ. ದಿನಾ ಬೇರೆ ಮಾಡಿ ಇಡುವುದು ನನ್ನಿಂದಾಗದು.

ಮಡಲು ನಿಧಾನ, ನಿಜ. ಹುಳಕ್ಕೆ ಹಲ್ಲಿಲ್ಲ, ಎಲೆ ಕೊಳೆತು ಮೆತ್ತಗಾದ ಮೇಲೆಯೇ ತಿನ್ನುವುದು. ಕಾಸರಗೋಡಿನ ಸಿಪಿಸಿಆರ್‌ಐ (ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಹೇಳಿಕೊಡುವ ಕ್ರಮವನ್ನೇ ಹಿಡಿದೆ: ಮಡಲಿನ ತೂಕದ ಹತ್ತರಲ್ಲೊಂದು ಪಾಲು ಸೆಗಣಿ ನೀರಲ್ಲಿ ಕಲಸಿ ಹಾಕುವುದು, ಎರಡು ಮೂರು ವಾರ ಕೊಳೆಸಿ ಆಮೇಲೆ ಹುಳ ಬಿಡುವುದು. ಅವರು ಇದಕ್ಕೆ ಬಳಸುವುದು ಯೂಡ್ರಿಲಸ್ ಜಾತಿಯ ಹುಳ, ನಾನು ತಂದದ್ದೂ ಅದೇ. ಬುಡದ ದಪ್ಪ ಭಾಗ ಕಡಿದು ಒಲೆಗೆ, ಗರಿ ಮಾತ್ರ ತೊಟ್ಟಿಗೆ. ಮೂರು ತಿಂಗಳು ದಾಟುವಾಗ ಚಹಾಪುಡಿಯಂಥ ಗೊಬ್ಬರ. ಒಂದು ಹುಳವೂ ಗೋಡೆ ಹತ್ತಲಿಲ್ಲ.

ತೊಟ್ಟಿಯ ಹುಳ ಕಸದಲ್ಲೇ ಇರುವಂಥದ್ದು, ತೋಟದ ಮಣ್ಣು ಕೊರೆಯುವುದು ನಮ್ಮ ನಾಡಹುಳ. ಅದಕ್ಕೂ ರುಚಿ ಹತ್ತಲಿ ಅಂತ ಅರೆ ಕೊಳೆತ ಗರಿಯನ್ನು ನಾಲ್ಕು ಅಡಿಕೆ ಮರದ ಬುಡಕ್ಕೆ ಹಾಕಿದ್ದೆ. ಮಳೆಯ ನಂತರ ಸರಿಸಿ ನೋಡಿದರೆ ಅಡಿಯೆಲ್ಲ ಹಿಕ್ಕೆಯ ಗುಡ್ಡೆ. ಪಕ್ಕದ ಬೋಳು ಬುಡಗಳಲ್ಲಿ ಅಲ್ಲೊಂದು ಇಲ್ಲೊಂದು ಅಷ್ಟೆ.

ನಮ್ಮಲ್ಲಿರುವುದು ಒಂದೇ ದನ, ಸೆಗಣಿ ಗೋಬರ್ ಗ್ಯಾಸಿಗೇ ಸಾಲದು. ಮಡಲು ಹಾಗಲ್ಲ, ಒಂದೊಂದು ತೆಂಗೂ ತಿಂಗಳಿಗೆ ಒಂದರಂತೆ ಬೀಳಿಸುತ್ತದೆ. ಹಟ್ಟಿ ತುಂಬ ದನ ಇದ್ದವರು ಹಳೇ ಸೆಗಣಿಯನ್ನೇ ಹಾಕಲಿ, ಆದರೆ ಕೈ ಹಾಕಿ ಬಿಸಿ ನೋಡದೆ ಹುಳ ಬಿಡಬೇಡಿ.