ಎರಡು ವರ್ಷ ಬಳಸಿದ ಮೇಲೆ: ನಮ್ಮ ಯೂನಿವರ್ಸಿಟಿಯ ಅಂಗವಿಕಲ ವಿದ್ಯಾರ್ಥಿಗಳ ಬೆಂಬಲ ಕೇಂದ್ರ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನನಗೆ ಖಿನ್ನತೆ ಇದೆ. ಎರಡನೇ ಸೆಮಿಸ್ಟರ್‌ನಲ್ಲಿ ಕ್ಲಾಸಿಗೆ ಹೋಗುವುದೇ ನಿಂತುಹೋಗಿತ್ತು, ಮೂರು ಅಸೈನ್‌ಮೆಂಟ್ ಬಾಕಿ, ಮೇಲ್ ತೆರೆಯಲೂ ಭಯ. ಈ ಕೇಂದ್ರ ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಕಣ್ಣು ಕಾಣದವರಿಗೆ ಮಾತ್ರ ಅಂದುಕೊಂಡಿದ್ದೆ. ಹಾಗಲ್ಲ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ದೀರ್ಘಕಾಲ ಕಾಡುವ ಮಾನಸಿಕ ತೊಂದರೆಯೂ ಸೇರಿದೆ, ಉನ್ನತ ಶಿಕ್ಷಣದಲ್ಲೂ ಅವರವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರ 24ನೇ ವಿಧಿ ಹೇಳುತ್ತದೆ. ಇಷ್ಟು ಮೊದಲೇ ಗೊತ್ತಿದ್ದರೆ ನನ್ನ ಒಂದು ಸೆಮಿಸ್ಟರ್ ಉಳಿಯುತ್ತಿತ್ತು.

ಮೊದಲ ದಿನ ಅಲ್ಲಿದ್ದ ಸಲಹೆಗಾರ್ತಿ ಕಾಯಿಲೆಯ ಹೆಸರು ಕೇಳಲಿಲ್ಲ. "ದಿನದಲ್ಲಿ ಯಾವ ಹೊತ್ತು ಜಾಸ್ತಿ ಕಷ್ಟ?" ಅಂತ ಕೇಳಿದರು. ಬೆಳಗ್ಗೆ ಅಂದೆ. ಮಾತ್ರೆ ಶುರುಮಾಡಿ ಹತ್ತು ದಿನ ಆಗಿತ್ತು, ಏನೂ ಸರಿಹೋಗಿಲ್ಲ ಅಂತ ಅಲ್ಲೇ ಅತ್ತುಬಿಟ್ಟೆ. ಖಿನ್ನತೆಯ ಮಾತ್ರೆ ಹಿಡಿಯಲು ಸಾಮಾನ್ಯವಾಗಿ ಕೆಲವು ವಾರ ಬೇಕು, ನಿದ್ದೆಗಣ್ಣು, ಹೊಟ್ಟೆ ತೊಳಸುವುದು ಇಂಥವು ಮಾತ್ರ ಮೊದಲೇ ಬರುತ್ತವೆ, ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಮಾತಾಡಿ ಅಂದರು. ಸುಮ್ನೆ ಧೈರ್ಯ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಆಮೇಲೆ ಅವರು ಕೊಟ್ಟ ಪತ್ರ. ನಾಲ್ಕು ಸ್ಟಾರ್‌ನಲ್ಲಿ ಎರಡು ಅದಕ್ಕೇ. ಪರೀಕ್ಷೆಯಲ್ಲಿ ಗಂಟೆಗೆ 15 ನಿಮಿಷ ಹೆಚ್ಚು ಸಮಯ, ಚಿಕ್ಕ ಕೋಣೆ, ಅಸೈನ್‌ಮೆಂಟ್‌ಗೆ ಒಂದು ವಾರದ ವಿನಾಯಿತಿ, ಕ್ಲಾಸಿನ ರೆಕಾರ್ಡಿಂಗ್. ಇಷ್ಟೇ ಬರೆದಿತ್ತು. ಕಾಯಿಲೆಯ ಹೆಸರು ಎಲ್ಲೂ ಇರಲಿಲ್ಲ. ಅದಕ್ಕೆ ಮುಂಚೆ ಪ್ರತಿ ಅಧ್ಯಾಪಕರ ಕೋಣೆ ಮುಂದೆ ನಿಂತು ಮತ್ತೆ ಮೊದಲಿಂದ ಎಲ್ಲ ಹೇಳಬೇಕಿತ್ತು. ಒಬ್ಬರಂತೂ ಇಡೀ ಕ್ಲಾಸಿನ ಎದುರೇ "ನಿಮಗೇನು ತೊಂದರೆ?" ಅಂತ ಕೇಳಿದ್ದರು. ಅವತ್ತು ಮನೆಗೆ ಬಂದವಳು ನಾಲ್ಕು ದಿನ ಹೊರಗೆ ಹೋಗಲಿಲ್ಲ. ಪತ್ರ ಬಂದ ಮೇಲೆ ಆ ಪ್ರಶ್ನೆ ಯಾರೂ ಕೇಳಿಲ್ಲ.

ಇದೇ ಕೇಂದ್ರಕ್ಕೆ ಬರುವ ನನ್ನ ಗೆಳತಿಗೆ ಕಣ್ಣು ಕಾಣುವುದಿಲ್ಲ. ಅವಳು ಬಳಸುವ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್) ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರುಮಾಡಿ, ಜೇಮ್ಸ್ ಟೇ ಜೊತೆ ಬೆಳೆಸಿದ ಉಚಿತ ಸಾಫ್ಟ್‌ವೇರ್ ಅದು, ಇಬ್ಬರೂ ದೃಷ್ಟಿ ಇಲ್ಲದವರೇ. ಅವಳಿಗೆ ಸಾಫ್ಟ್‌ವೇರ್ ತೊಂದರೆಯಲ್ಲ, ಪಿಡಿಎಫ್ ತೊಂದರೆ. ಪುಸ್ತಕದ ಪುಟಗಳನ್ನು ಫೋಟೋ ಥರ ಸ್ಕ್ಯಾನ್ ಮಾಡಿ ಹಾಕುತ್ತಾರೆ, ಅಕ್ಷರವೇ ಇಲ್ಲದ ಚಿತ್ರವನ್ನು ಸ್ಕ್ರೀನ್ ರೀಡರ್ ಹೇಗೆ ಓದಬೇಕು ಹೇಳಿ? ಕೇಂದ್ರದವರು ಒಸಿಆರ್ ಮಾಡಿ, ಅಂದರೆ ಚಿತ್ರದಲ್ಲಿರುವುದನ್ನು ಕಂಪ್ಯೂಟರ್ ಓದಬಲ್ಲ ಅಕ್ಷರವಾಗಿಸಿ, ತಪ್ಪು ತಿದ್ದಿ, ಶೀರ್ಷಿಕೆಗಳನ್ನು ಗುರುತು ಮಾಡಿ ಕೊಡುತ್ತಾರೆ. ಕೆಲಸ ಅಚ್ಚುಕಟ್ಟು. ಆದರೆ ಹೋದ ಸೆಮಿಸ್ಟರ್‌ನಲ್ಲಿ ಅವು ಕೈಗೆ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು, ಅಷ್ಟರಲ್ಲಿ ಮೊದಲ ಟೆಸ್ಟ್ ಮುಗಿದೇ ಹೋಗಿತ್ತು. ಅಧ್ಯಾಪಕರು ಪುಸ್ತಕದ ಪಟ್ಟಿಯನ್ನೇ ತಡವಾಗಿ ಕೊಟ್ಟರೆ ಇವರಾದರೂ ಏನು ಮಾಡಬೇಕು, ಅಲ್ವಾ?

ಇನ್ನು ಕಡಿಮೆ ಮಾಡಿದ ಸ್ಟಾರ್. ಕೌನ್ಸೆಲಿಂಗ್‌ಗೆ ಐದು ವಾರ ಕಾಯಬೇಕಾಯಿತು, ಸಿಕ್ಕ ಮೇಲೂ ಆರೇ ಸೆಷನ್. ಮಾತು ಬಿಚ್ಚಲೇ ನನಗೆ ಮೂರು ಬೇಕಾದವು. ಎರಡನೆಯದು ಇನ್ನೂ ಬೇಸರದ್ದು: ಪ್ರತಿ ಸೆಮಿಸ್ಟರ್‌ಗೂ ಹೊಸ ವೈದ್ಯಕೀಯ ಪತ್ರ ತರಬೇಕು. ನನ್ನ ಸ್ಥಿತಿ ಏರಿಳಿಯುತ್ತದೆ, ನನ್ನನ್ನು ಕೇಳಲಿ. ಆದರೆ ನನ್ನ ಗೆಳತಿಗೂ ಇದೇ ನಿಯಮ, ಹುಟ್ಟಿನಿಂದ ಕಣ್ಣಿಲ್ಲದವಳನ್ನು ಆರು ತಿಂಗಳಿಗೊಮ್ಮೆ "ಈಗಲೂ ಕಾಣುವುದಿಲ್ಲವಾ" ಅಂತ ಕೇಳಿದ ಹಾಗಾಗುತ್ತದೆ. ಇದನ್ನು ಬರೆದು ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ.

ಹೊಸದಾಗಿ ಹೋಗುವವರಿಗೆ ಒಂದು ಮಾತು. ತೀರಾ ಕುಸಿದ ಮೇಲೆ ಹೋಗಬೇಡಿ, ಸೀಟು ಸಿಕ್ಕ ವಾರವೇ ಹೋಗಿ. ಕೆಟ್ಟ ದಿನ ಹೇಗಿರುತ್ತದೆ ಅಂತ ಚೆನ್ನಾಗಿರುವ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಬಾಯಿ ಕಟ್ಟಿದರೆ ಅದನ್ನೇ ಅವರ ಕೈಗೆ ಕೊಡಿ. ನಾನು ಹಾಗೇ ಮಾಡಿದ್ದು.