ಗ್ಲಾಕ್ 43ಎಕ್ಸ್, ಸಿಗ್ ಪಿ365ಎಕ್ಸ್‌ಎಲ್, ಶೀಲ್ಡ್ ಪ್ಲಸ್: ಅಂಗಿಯ ಮರೆಯಲ್ಲಿ ಯಾವುದು ನಿಲ್ಲುತ್ತದೆ?

ಬಟ್ಟೆಯ ಒಳಗೆ ಕಾಣದಂತೆ ಪಿಸ್ತೂಲು ಇಟ್ಟುಕೊಳ್ಳಬೇಕೆನ್ನುವವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಅದು ಎಷ್ಟು ತೆಳ್ಳಗಿದೆ ಎಂಬುದನ್ನು. ಆದರೆ ಇಂದು ಸಿಗುವ ಒಳ್ಳೆಯ 9 ಎಂಎಂ ತೆಳು ಪಿಸ್ತೂಲುಗಳೆಲ್ಲ ಹೆಚ್ಚುಕಡಿಮೆ ಒಂದು ಇಂಚು ದಪ್ಪವೇ ಇರುವುದರಿಂದ ಅಲ್ಲಿ ಆರಿಸಲು ಹೆಚ್ಚೇನೂ ಉಳಿದಿಲ್ಲ. ಗುಟ್ಟು ಬಯಲು ಮಾಡುವುದು ಹಿಡಿಯ ಉದ್ದ. ನಳಿಗೆಯ ಭಾಗ ಪ್ಯಾಂಟಿನ ಒಳಗೆ ಇಳಿದು ಮರೆಯಾಗುತ್ತದೆ. ಹಿಡಿ ಮಾತ್ರ ಬೆಲ್ಟಿನ ಮೇಲೆ ಉಳಿದು, ಸಾಮಾನು ಎತ್ತಲು ಬಗ್ಗಿದಾಗಲೆಲ್ಲ ಅಂಗಿಯನ್ನು ಮೂಲೆಯಲ್ಲಿ ಎತ್ತಿ ಹಿಡಿಯುತ್ತದೆ. ಗ್ಲಾಕ್ 43ಎಕ್ಸ್, ಸಿಗ್ ಸಾವರ್ ಪಿ365ಎಕ್ಸ್‌ಎಲ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಪ್ಲಸ್, ಈ ಮೂರನ್ನೂ ಟೆಕ್ಸಸ್‌ನಲ್ಲಿ ಶೂಟಿಂಗ್ ರೇಂಜಿನಲ್ಲೂ ದಿನನಿತ್ಯದ ಬಟ್ಟೆಯಲ್ಲೂ ಪರೀಕ್ಷಿಸಿ ಈ ಅಭಿಪ್ರಾಯಕ್ಕೆ ಬಂದಿದ್ದೇನೆ.

ಆಯ್ಕೆಗೆ ಮುಂಚೆ ಕಾನೂನಿನ ಒಂದು ಮಾತನ್ನು ಅಮೆರಿಕದಲ್ಲಿರುವ ಕನ್ನಡಿಗರಿಗೆ ಹೇಳಲೇಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನು ಹೊಂದುವುದನ್ನು ಕೇಂದ್ರ ಕಾನೂನು, ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ಅಡ್ಡಿಯಿಲ್ಲ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿ ಕಾನೂನಿನ ಬೇರೆ ತಡೆ ಇಲ್ಲದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಳ್ಳಬಹುದಾದರೂ, ಲೈಸೆನ್ಸ್ ಮಾಡಿಸಿಕೊಳ್ಳುವುದೇ ಮೇಲು ಎಂದು ನಾನು ಒತ್ತಿ ಹೇಳುತ್ತೇನೆ. ಅದರ ತರಗತಿಯಲ್ಲಿ ಬಲಪ್ರಯೋಗದ ಕಾನೂನನ್ನು ಕಲಿಸುತ್ತಾರೆ. 3, 7 ಮತ್ತು 15 ಗಜಗಳ ದೂರದಿಂದ ಒಟ್ಟು 50 ಗುಂಡು ಹಾರಿಸುವ ಪರೀಕ್ಷೆಯೂ ಇದೆ.

ಈ ಮೂರೂ ಹುಟ್ಟಿಕೊಂಡ ಕ್ರಮವನ್ನು ತಿಳಿದರೆ ಅವುಗಳ ಗುಣವೂ ಅರ್ಥವಾಗುತ್ತದೆ. 2012ರಲ್ಲಿ ಬಂದ ಮೊದಲ ಶೀಲ್ಡ್‌ನ ಮ್ಯಾಗಜಿನ್‌ಗಳಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಗಳಲ್ಲಿ) ಏಳು ಅಥವಾ ಎಂಟು ಗುಂಡು, 2015ರ ಗ್ಲಾಕ್ 43ರಲ್ಲಿ ಆರು ಗುಂಡು ಹಿಡಿಯುತ್ತಿದ್ದವು. ತೆಳುವಾಗಬೇಕಾದರೆ ಗುಂಡುಗಳನ್ನು ಒಂದೇ ಸಾಲಿನಲ್ಲಿ ಪೇರಿಸಬೇಕೆಂಬುದು ಆಗಿನ ತಿಳಿವಳಿಕೆ. 2018ರಲ್ಲಿ ಬಂದ ಪಿ365, ಗುಂಡುಗಳನ್ನು ಕೆಳಗೆ ಎಡಕ್ಕೊಂದು ಬಲಕ್ಕೊಂದರಂತೆ ಒಂದೂವರೆ ಸಾಲಿನಷ್ಟು ಅಗಲದಲ್ಲಿ ಜೋಡಿಸಿ, ಮೇಲೆ ಒಂದೇ ಸಾಲಿಗೆ ತಂದು, ಅಷ್ಟೇ ಗಾತ್ರದಲ್ಲಿ ಹತ್ತು ಗುಂಡು ಹಿಡಿಸಿ ತೋರಿಸಿತು. 2019ರ 43ಎಕ್ಸ್ ಹತ್ತು, ಅದೇ ವರ್ಷದ ಪಿ365ಎಕ್ಸ್‌ಎಲ್ ಹನ್ನೆರಡು, 2021ರ ಶೀಲ್ಡ್ ಪ್ಲಸ್ ಹತ್ತು ಮತ್ತು ಹದಿಮೂರು ಗುಂಡಿನ ಮ್ಯಾಗಜಿನ್‌ಗಳೊಂದಿಗೆ ಬಂದದ್ದು ಆ ಪೈಪೋಟಿಯ ಫಲ. ಸ್ಪ್ರಿಂಗ್‌ಫೀಲ್ಡ್‌ನ ಹೆಲ್‌ಕ್ಯಾಟ್ ಕೂಡ ಇದೇ ಸಾಲಿಗೆ ಸೇರಿದ್ದು. ಅದನ್ನು ನಾನು ಹೆಚ್ಚು ಬಳಸಿಲ್ಲವಾದ್ದರಿಂದ ಇಲ್ಲಿ ಸೇರಿಸಿಲ್ಲ.

ಹಿಡಿಯ ಉದ್ದವನ್ನು ತೋರುವ ಎತ್ತರ, ಮ್ಯಾಗಜಿನ್ ಸಹಿತ, 43ಎಕ್ಸ್‌ನಲ್ಲಿ ಸುಮಾರು 128 ಮಿ.ಮೀ., ಪಿ365ಎಕ್ಸ್‌ಎಲ್‌ನಲ್ಲಿ 122, ಹತ್ತು ಗುಂಡಿನ ಮ್ಯಾಗಜಿನ್ ಹಾಕಿದ ಶೀಲ್ಡ್ ಪ್ಲಸ್‌ನಲ್ಲಿ 117. ಉದ್ದದಲ್ಲಿ 43ಎಕ್ಸ್ 165 ಮಿ.ಮೀ., ಪಿ365ಎಕ್ಸ್‌ಎಲ್ 168, ಶೀಲ್ಡ್ ಪ್ಲಸ್ 155. ಖಾಲಿ ಮ್ಯಾಗಜಿನ್ ಸೇರಿಸಿದ ತೂಕ 530ರಿಂದ 590 ಗ್ರಾಂಗಳ ಒಳಗೇ ಇರುವುದರಿಂದ ದಿನವಿಡೀ ಇಟ್ಟುಕೊಂಡರೂ ಆ ವ್ಯತ್ಯಾಸ ನನ್ನ ಗಮನಕ್ಕೆ ಬರಲಿಲ್ಲ. ಎತ್ತರದ ಹನ್ನೊಂದು ಮಿಲಿಮೀಟರ್ ಮಾತ್ರ ಗಮನಕ್ಕೆ ಬಂತು: ಟೀ ಶರ್ಟಿನ ಕೆಳಗೆ 43ಎಕ್ಸ್‌ನ ಹಿಡಿಯ ಹಿಂಬದಿಯ ಮೂಲೆ ಸ್ಪಷ್ಟವಾಗಿ ಗುರುತು ಮೂಡಿಸುತ್ತಿತ್ತು, ಶೀಲ್ಡ್ ಪ್ಲಸ್ ಹಾಗೆ ಮಾಡಲಿಲ್ಲ.

ಕೈಗೆ ಬಂದಾಗ ಲೆಕ್ಕ ತಿರುಗುತ್ತದೆ. ಮರೆಮಾಡಲು ಕಷ್ಟವಾದ ಆ ಉದ್ದನೆಯ ಹಿಡಿಯೇ 43ಎಕ್ಸ್‌ನ ದೊಡ್ಡ ಗುಣ. ಕಿರುಬೆರಳೂ ಪೂರ್ತಿಯಾಗಿ ಹಿಡಿಯ ಮೇಲೆ ಕೂರುವುದರಿಂದ ಗುಂಡು ಹಾರಿದ ಮೇಲೆ ಮೂತಿ ಬೇಗ ಗುರಿಗೆ ಮರಳುತ್ತದೆ. ಕೊಡಗು, ಮಲೆನಾಡಿನ ಕಡೆ ಕೋವಿ ಹಿಡಿದು ಪಳಗಿದವರಿಗೂ ಈ ಸಣ್ಣ ಪಿಸ್ತೂಲು ಹೊಸ ವಿದ್ಯೆಯೇ: ಕೋವಿಯ ಒದೆತವನ್ನು ಭುಜ ತೆಗೆದುಕೊಳ್ಳುತ್ತದೆ, ಇಲ್ಲಿ ಎಲ್ಲವನ್ನೂ ಬೆರಳು ಮತ್ತು ಮಣಿಕಟ್ಟೇ ತಡೆಯಬೇಕು, ಗುರಿ ಹಿಡಿಯುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಅಂತರ ಕಡಿಮೆಯಿರುವುದರಿಂದ ಕೈಯ ಸಣ್ಣ ಅಲುಗಾಟವೂ ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ. ಟ್ರಿಗರ್ ವಿಷಯದಲ್ಲಿ ಶೀಲ್ಡ್ ಪ್ಲಸ್ ನನಗೆ ಅತ್ಯಂತ ಹಿಡಿಸಿತು. ಅದರ ಚಪ್ಪಟೆ ಟ್ರಿಗರನ್ನು ಒತ್ತುತ್ತಾ ಹೋದರೆ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಪಿ365ಎಕ್ಸ್‌ಎಲ್‌ನದು ಅದಕ್ಕಿಂತ ಮೆತ್ತಗೆ, ಗ್ಲಾಕಿನದು ಅದಕ್ಕಿಂತ ಗಡಸು. ಬಿಚ್ಚಿ ಶುಚಿ ಮಾಡುವಾಗ ಗ್ಲಾಕಿನ ಟ್ರಿಗರನ್ನು ಒಮ್ಮೆ ಒತ್ತಲೇಬೇಕು, ಪಿ365ರಲ್ಲಿ ಒತ್ತಬೇಕಿಲ್ಲ. ನಳಿಗೆ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳುವ ಶಿಸ್ತು ಇನ್ನೂ ಗಟ್ಟಿಯಾಗದ ಹೊಸಬರ ಮನೆಯಲ್ಲಿ ಇದನ್ನು ನಾನು ಸಣ್ಣ ವಿಷಯವೆಂದು ಎಣಿಸುವುದಿಲ್ಲ. ಹೊರಗಿನಿಂದ ಹಾಕುವ ಸೇಫ್ಟಿ ಬೇಕೆನ್ನುವವರಿಗೆ ಸಿಗ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಎರಡರಲ್ಲೂ ಅಂಥ ಮಾದರಿಗಳಿವೆ, 43ಎಕ್ಸ್‌ನಲ್ಲಿ ಇಲ್ಲ.

ಕೊನೆಗೆ ನಾನು ಇಟ್ಟುಕೊಂಡದ್ದು ಪಿ365ಎಕ್ಸ್‌ಎಲ್. ಅದರ ಟ್ರಿಗರ್ ಮತ್ತು ಒಳಗಿನ ಯಂತ್ರಭಾಗ ಒಂದೇ ಲೋಹದ ಚೌಕಟ್ಟಿನಲ್ಲಿದ್ದು, ಸೀರಿಯಲ್ ನಂಬರ್ ಇರುವುದೂ ಅದರ ಮೇಲೆಯೇ. ಕಾನೂನಿನ ದೃಷ್ಟಿಯಲ್ಲಿ ಬಂದೂಕು ಎಂದರೆ ಆ ಚೌಕಟ್ಟು ಮಾತ್ರ. ಸುತ್ತಲಿನ ಪ್ಲಾಸ್ಟಿಕ್ ಹಿಡಿ ಬರಿಯ ಬಿಡಿಭಾಗವಾದ್ದರಿಂದ ಅದನ್ನು ಯಾವ ಕಾಗದಪತ್ರವೂ ಇಲ್ಲದೆ ಮನೆಗೇ ತರಿಸಿಕೊಂಡು ಬದಲಿಸಬಹುದು. ಮೂಲ ಪಿ365ರ ಗಿಡ್ಡ ಹಿಡಿ ಹಾಕಿದರೆ ಎತ್ತರ ಸುಮಾರು 109 ಮಿ.ಮೀ.ಗೆ ಇಳಿಯುತ್ತದೆ. ಬೇಸಿಗೆಯ ತೆಳು ಬಟ್ಟೆಗೆ ಗಿಡ್ಡ ಹಿಡಿ, ಜಾಕೆಟ್ ಹಾಕುವ ದಿನಗಳಿಗೆ ಉದ್ದ ಹಿಡಿ ಎಂಬ ಈ ಅನುಕೂಲ ಉಳಿದೆರಡರಲ್ಲಿ ಇಲ್ಲ.

ಆದರೂ ಮೂರರಲ್ಲಿ ಯಾವುದನ್ನು ಕೊಂಡರೂ ಮೊದಲ ಹಣ ಹೋಗಬೇಕಾದದ್ದು ಪಿಸ್ತೂಲಿನ ಒರೆಯಾದ ಹೋಲ್‌ಸ್ಟರ್ ಮತ್ತು ಬೆಲ್ಟಿಗೆ. ಟ್ರಿಗರಿನ ಸುತ್ತಲಿನ ಬಳೆಯನ್ನು ಪೂರ್ತಿ ಮುಚ್ಚುವ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್, ಬಾಗದ ಬೆಲ್ಟು, ಇವೆರಡೂ ಸರಿಯಿಲ್ಲದಿದ್ದರೆ ಎಷ್ಟು ಚಿಕ್ಕ ಪಿಸ್ತೂಲೂ ಜೋತುಬಿದ್ದು ಹೊರಕ್ಕೆ ವಾಲುತ್ತದೆ. ಹೋಲ್‌ಸ್ಟರಿನ ಬದಿಗೆ ಸ್ಕ್ರೂ ಹಾಕಿ ಕೂರಿಸುವ ಪುಟ್ಟ ರೆಕ್ಕೆಯೊಂದು ಬರುತ್ತದೆ. ಬೆಲ್ಟು ಆ ರೆಕ್ಕೆಯನ್ನು ಒತ್ತಿದಾಗ ಹೋಲ್‌ಸ್ಟರ್ ತನ್ನ ಅಕ್ಷದ ಮೇಲೆ ಸ್ವಲ್ಪ ತಿರುಗಿ ಹಿಡಿಯನ್ನು ಹೊಟ್ಟೆಯ ಕಡೆಗೆ ತಳ್ಳುತ್ತದೆ. 43ಎಕ್ಸ್‌ನ ಹಿಡಿ ಟೀ ಶರ್ಟಿನಲ್ಲಿ ಮೂಡಿಸುತ್ತಿದ್ದ ಗುರುತನ್ನು ಬಹುಪಾಲು ಅಳಿಸಿದ್ದು ಇದೇ ತುಂಡು. ಟೆಕ್ಸಸ್‌ನಲ್ಲಿ ಲೈಸೆನ್ಸ್ ಇದ್ದವರೂ ಮರೆಯಲ್ಲಿ ಪಿಸ್ತೂಲು ತರಬಾರದೆಂದು ಹೇಳುವ 30.06 ಫಲಕ ಹಾಕಿದ ಜಾಗಕ್ಕೆ ಹೋಗಬೇಕಾದರೆ ಪಿಸ್ತೂಲನ್ನು ಕಾರಿನಲ್ಲೇ ಬೀಗ ಹಾಕಿ ಇಡಬೇಕಾಗುತ್ತದೆ. ಆಗ ಪಿಸ್ತೂಲನ್ನು ಹೊರಗೆಳೆಯದೆ ಹೋಲ್‌ಸ್ಟರ್ ಸಮೇತ ಒಟ್ಟಿಗೆ ತೆಗೆಯಲು ಬರುವಂಥ ಕ್ಲಿಪ್ ಇರಲಿ. ಇಕ್ಕಟ್ಟಾದ ಸೀಟಿನಲ್ಲಿ ಕುಳಿತು ತುಂಬಿದ ಪಿಸ್ತೂಲನ್ನು ಹೋಲ್‌ಸ್ಟರಿಗೆ ತೂರಿಸುವ ಕೆಲಸವನ್ನು ಆದಷ್ಟು ತಪ್ಪಿಸಬೇಕು.

ಮಾರ್ಪಾಡುಗಳಲ್ಲಿ ಸೈಟ್ ಬದಲಿಸುವುದು ಗ್ಲಾಕಿಗೆ ಅಗತ್ಯ, ಏಕೆಂದರೆ ಅದರ ಸಾದಾ ಮಾದರಿಗೆ ಬರುವುದು ಪ್ಲಾಸ್ಟಿಕ್ ಸೈಟ್. ಪಿ365ಎಕ್ಸ್‌ಎಲ್‌ಗೆ ಕತ್ತಲಲ್ಲಿ ಹೊಳೆಯುವ ಟ್ರಿಟಿಯಂ ಸೈಟ್ ಕಾರ್ಖಾನೆಯಿಂದಲೇ ಬರುತ್ತದೆ. ರೆಡ್ ಡಾಟ್ (ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಬ್ಯಾಟರಿ ಸೈಟ್) ಕೂರಿಸುವವರು ಪಿ365ಎಕ್ಸ್‌ಎಲ್‌ನಲ್ಲಿ ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ಹಿಂದಿನ ಸೈಟ್ ಇರುವುದು ಬಿಚ್ಚಿ ತೆಗೆಯುವ ತಟ್ಟೆಯ ಮೇಲೆ, ಆ ಜಾಗಕ್ಕೆ ರೆಡ್ ಡಾಟ್ ಬಂದರೆ ಹಿಂದಿನ ಸೈಟ್ ಹೋಗಿಬಿಡುತ್ತದೆ. ಬ್ಯಾಟರಿ ಕೈಕೊಟ್ಟರೆ ಗುರಿ ಹಿಡಿಯಲು ಏನಿದೆ ಎಂಬುದಕ್ಕೆ ಉತ್ತರ ಸಿಗುವವರೆಗೆ ನಾನು ಅದನ್ನು ಹಾಕಿಸಲಿಲ್ಲ. 43ಎಕ್ಸ್‌ಗೆ ಬೇರೆ ಕಂಪನಿಯ ಹದಿನೈದು ಗುಂಡಿನ ಉಕ್ಕಿನ ಮ್ಯಾಗಜಿನ್ ಸಿಗುತ್ತದೆ. ಅದನ್ನು ಹಾಕಿದರೆ ಮ್ಯಾಗಜಿನ್ ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆ ಸವೆಯುವುದರಿಂದ ಉಕ್ಕಿನ ಕೊಕ್ಕೆಯನ್ನೂ ಹಾಕಬೇಕು, ಆಮೇಲೆ ಕಾರ್ಖಾನೆಯ ಪ್ಲಾಸ್ಟಿಕ್ ಮ್ಯಾಗಜಿನ್ ಬಳಸಿದರೆ ಅದು ಸವೆಯುತ್ತದೆ. ಪ್ರಾಣರಕ್ಷಣೆಗೆಂದು ಇಟ್ಟ ವಸ್ತುವಿನಲ್ಲಿ ಇಂಥ ಸರಪಳಿ ಬದಲಾವಣೆ ನನಗೆ ಒಪ್ಪಿಗೆಯಿಲ್ಲ. ಟ್ರಿಗರನ್ನು ಹಗುರಗೊಳಿಸುವ ಸ್ಪ್ರಿಂಗ್‌ಗಳನ್ನು ಯಾರೂ ಹಾಕಬಾರದೆಂದೇ ನನ್ನ ಸಲಹೆ. ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳುವ ಪಿಸ್ತೂಲಿಗೆ ಕಾರ್ಖಾನೆ ಕೊಟ್ಟ ಬಿಗಿಯೇ ರಕ್ಷಣೆ.

ಹಿಡಿ, ಸೈಟ್, ಮ್ಯಾಗಜಿನ್, ಯಾವುದನ್ನು ಬದಲಿಸಿದರೂ ನಿತ್ಯ ಇಟ್ಟುಕೊಳ್ಳುವ, ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡುಗಳಿಂದಲೇ ಮತ್ತೆ ಪರೀಕ್ಷಿಸಬೇಕು. ಅಭ್ಯಾಸದ ದುಂಡು ಮೂತಿಯ ಗುಂಡು ಸಲೀಸಾಗಿ ಏರಿತೆಂದ ಮಾತ್ರಕ್ಕೆ ಚಪ್ಪಟೆ ಮೂತಿಯದು ಏರುತ್ತದೆಂದು ನಂಬುವಂತಿಲ್ಲ. ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ತುಂಬುವ ರೂಢಿಯಿದ್ದರೆ ಮ್ಯಾಗಜಿನ್ನಿನ ಮೇಲ್ತುದಿಯ ಗುಂಡು ದಿನವೂ ನಳಿಗೆಯ ಹಿಂಬಾಯಿಗೆ ಬಡಿದು, ಅದರ ಸೀಸದ ಮೂತಿ ಹಿತ್ತಾಳೆಯ ಕವಚದೊಳಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಹಾಗೆ ಗಿಡ್ಡವಾದ ಗುಂಡನ್ನು ಹಾರಿಸಿದರೆ ಒಳಗಿನ ಒತ್ತಡ ಮಿತಿಮೀರಬಹುದು. ಡಬ್ಬಿಯಿಂದ ತೆಗೆದ ಹೊಸ ಗುಂಡಿನ ಪಕ್ಕದಲ್ಲಿ ಅದನ್ನು ನಿಲ್ಲಿಸಿ ನೋಡಿ, ಎತ್ತರದಲ್ಲಿ ವ್ಯತ್ಯಾಸ ಕಂಡರೆ ಮತ್ತೆ ತುಂಬದೆ ಪಕ್ಕಕ್ಕಿಡಬೇಕು.